ಬೆಚ್ಚಗಾದರೆ ಓಡುವ ಟ್ರ್ಯಾಕ್ಟರ್

ಲೆಸ್ಟರ್ ಬ್ಯಾಸ್ಟಿಯನ್ ಬೂಟಿನ ತುದಿಯಿಂದ ಪೆಡಲ್ ಒತ್ತಿದ. ಟ್ರ್ಯಾಕ್ಟರ್ ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಮುಂದಕ್ಕೆ ಸರಿಯಿತು. ಹಿಮ್ಮಡಿಯಿಂದ ಒತ್ತಿದ, ಅಷ್ಟೇ ಸಲೀಸಾಗಿ ಹಿಂದಕ್ಕೆ ಬಂತು. ಮುಂಭಾಗದ, ಹಿಮ ಎಸೆಯುವ ಸ್ನೋಬ್ಲೋವರ್ ನಜ್ಜುಗುಜ್ಜಾಗಿ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು, ದೀಪಗಳು ಒಡೆದಿದ್ದವು. ಅಷ್ಟು ಬಿಟ್ಟರೆ ಯಂತ್ರಕ್ಕೆ ಏನೂ ಆಗಿರಲಿಲ್ಲ.

"ಬೆಣ್ಣೆ ಥರ ಓಡ್ತಿದೆ," ಎಂದ ಲೆಸ್ಟರ್.

ಶೆರಿಫ್ ಕಚೇರಿಯ ತನಿಖಾಧಿಕಾರಿ ವೆರ್ನಾ ಟ್ರೆಝಿಸ್‌ಗೆ ಬೇಡವಾಗಿದ್ದ ಮಾತು ಅದೇ.

ಪಕ್ಕದಲ್ಲಿ ನಿಂತಿದ್ದ ಸರ್ಕಾರಿ ವಕೀಲ ಕ್ರೋಲ್ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ. ಅವನ ಮಟ್ಟಿಗೆ ವಿಷಯ ಮುಗಿದಿತ್ತು. ಮಂಗಳವಾರ ಬೆಳಗಾಗುವ ಮುನ್ನ ಎಪ್ಪತ್ತು ದಾಟಿದ ಆರ್ವೊ ಕೆಸ್ಕಿ ತನ್ನ ಮನೆಯ ದಾರಿ ರಸ್ತೆಗೆ ಸೇರುವಲ್ಲಿ, ಇದೇ ಟ್ರ್ಯಾಕ್ಟರಿನ ಪಕ್ಕದಲ್ಲಿ ಸತ್ತು ಬಿದ್ದಿದ್ದ. ಟ್ರ್ಯಾಕ್ಟರಿಗೆ ಗುದ್ದಿದ್ದು ಕೌಂಟಿಯ ಹಿಮ ತಳ್ಳುವ ಲಾರಿ. ಅದನ್ನು ಓಡಿಸುತ್ತಿದ್ದ ವೆಂಡೆಲ್ ಪ್ಯಾಸ್ಕೋ ಈಗ ಅಂಗಳದಾಚೆಯ ಲಾಕಪ್ಪಿನಲ್ಲಿದ್ದ.

ಬೇಕೆಂದೇ ಗುದ್ದಿದ ಎಂಬುದು ಕ್ರೋಲ್‌ನ ವಾದ. ಇಬ್ಬರಿಗೂ ಹಳೆಯ ಜಗಳವಿತ್ತು. ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಆ ಜಗಳ ಇಲ್ಲದ ಮನೆಯೇ ಇಲ್ಲ. ನೀವು ಬೆವರು ಸುರಿಸಿ ಮನೆಯ ದಾರಿ ಬಿಡಿಸಿಕೊಂಡು ಒಳಗೆ ಹೋಗಿ ಕಾಫಿ ಬಗ್ಗಿಸುವಷ್ಟರಲ್ಲಿ ಕೌಂಟಿ ಲಾರಿ ಬರುತ್ತದೆ, ರಸ್ತೆಯ ಹಿಮವನ್ನೆಲ್ಲ ತಂದು ನಿಮ್ಮ ದಾರಿಯ ಬಾಯಿಗೆ ಒಡ್ಡು ಕಟ್ಟಿ ಹೋಗುತ್ತದೆ. ಎಲ್ಲರೂ ಬೈಯುತ್ತಾರೆ. ಆರ್ವೊ ಮಾತ್ರ ಕ್ರಿಸ್‌ಮಸ್ಸಿಗೆ ಮುಂಚೆ, ಅಂಗಡಿಯ ತುಂಬ ಜನ ನೋಡುತ್ತಿದ್ದಂತೆ, ವೆಂಡೆಲ್‌ನ ಮುಖಕ್ಕೆ ಸಲಿಕೆ ಎತ್ತಿದ್ದ.

ವೆಂಡೆಲ್ ಹೇಳಿದ್ದು ಬೇರೆ. ಟ್ರ್ಯಾಕ್ಟರ್ ದೀಪವಿಲ್ಲದೆ ರಸ್ತೆಯಲ್ಲಿ ನಿಂತಿತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ. ಲಾರಿಯ ಪಕ್ಕಕ್ಕೆ ಚಾಚಿದ ಹಿಮ ತಳ್ಳುವ ರೆಕ್ಕೆಗೆ ಏನೋ ತಗುಲಿತು, ಯಾರದೋ ಅಂಚೆ ಪೆಟ್ಟಿಗೆ ಎಂದುಕೊಂಡು ಮುಂದೆ ಹೋದೆ. ಆರ್ವೊನ ಮನೆಯ ಕಡೆ ಎಂದಾದರೂ ಹೋಗಿದ್ದೆಯಾ ಎಂದು ವೆರ್ನಾ ಕೇಳಿದಾಗ ಅವನು ಬೇಸರದಿಂದ ನಕ್ಕಿದ್ದ. "ಆ ಮುದುಕನ ಅಂಗಳಕ್ಕೆ ನಾನು ಜನ್ಮದಲ್ಲಿ ಕಾಲಿಟ್ಟಿಲ್ಲ. ಇಟ್ಟಿದ್ರೆ ಬಿಡ್ತಿದ್ನಾ ಅವನು?"

ವೆರ್ನಾ ನಂಬಿದ್ದಳು. ಎರಡು ಚಳಿಗಾಲದ ಹಿಂದೆ ಅವಳ ಅಮ್ಮನಿಗೆ ಎದೆನೋವು ಬಂದಾಗ ಆಂಬುಲೆನ್ಸಿನ ಮುಂದೆ ಹಿಮ ತಳ್ಳಿಕೊಂಡು ಹೋಗಿ ದಾರಿ ಮಾಡಿಕೊಟ್ಟವನು ವೆಂಡೆಲ್. ಅವತ್ತು ಅವನಿಗೆ ರಜೆ.

"ಮಧ್ಯಾಹ್ನ ಕೊಲೆ ಆರೋಪ ದಾಖಲು ಮಾಡ್ತೀನಿ," ಎಂದ ಕ್ರೋಲ್. "ಗಾಡಿ ಸರಿಯಾಗಿದೆ. ಮುದುಕ ಓಡಿಸಿಕೊಂಡು ರಸ್ತೆಗೆ ಬಂದ. ಇವನು ಗುದ್ದಿದ. ಇನ್ನೇನು ಉಳೀತು?"

ಒಂದು ವಿಷಯ ಉಳಿದಿತ್ತು. ಮಂಗಳವಾರ ಗಾಡಿಯನ್ನು ಎತ್ತಿಕೊಂಡು ಬಂದ ಟೋ ಲಾರಿಯವನು ಹೇಳಿದ್ದು ವೆರ್ನಾಳ ತಲೆಯಲ್ಲಿ ಕೂತಿತ್ತು. ಎಂಜಿನ್ ಚಾಲೂ ಆಯಿತು, ಆದರೆ ಗಾಡಿ ಒಂದಂಗುಲ ಸರಿಯಲಿಲ್ಲ, ಚಕ್ರಗಳು ಬಿಗಿಯಾಗಿದ್ದವು, ಸರಪಳಿ ಕಟ್ಟಿ ದರದರ ಎಳೆದು ಹತ್ತಿಸಬೇಕಾಯಿತು. ಅವನೇನೂ ದೂರು ಹೇಳಿರಲಿಲ್ಲ, ಬೆನ್ನು ನೋವಿನ ಬಗ್ಗೆ ಹೇಳುವಾಗ ಆ ಮಾತು ಬಂದಿತ್ತು.

"ಗುದ್ದಿದ ರಭಸಕ್ಕೆ ಕೆಟ್ಟಿರುತ್ತೆ," ಎಂದ ಕ್ರೋಲ್.

"ಕೆಟ್ಟಿದ್ರೆ ಈಗ್ಯಾಕೆ ಓಡ್ತಿದೆ?" ವೆರ್ನಾ ಲೆಸ್ಟರ್‌ನ ಕಡೆ ತಿರುಗಿದಳು. "ಯಾರೂ ರಿಪೇರಿ ಮಾಡದೆ ತಾನೇ ರಿಪೇರಿ ಆಗೋ ಗಾಡಿ ನೋಡಿದೀಯಾ ನೀನು?"

ಲೆಸ್ಟರ್ ಎಂಜಿನ್ ನಿಲ್ಲಿಸಿದ. ಇಪ್ಪತ್ತು ವರ್ಷದಿಂದ ಊರಿನ ಹುಲ್ಲು ಕೊಯ್ಯುವ, ಹಿಮ ಎಸೆಯುವ ಯಂತ್ರಗಳೆಲ್ಲ ಅವನ ಕೈಮೇಲೆ ಹೋಗಿದ್ದವು. ತಾನು ನೋಡಿದ್ದನ್ನು ಇನ್ನೊಮ್ಮೆ ನೋಡು ಎಂದರೆ ಅವನಿಗೆ ಆಗುತ್ತಿರಲಿಲ್ಲ. ಆದರೂ ಇಳಿದು, ಆಯಿಲಿನ ಕಡ್ಡಿ ಎಳೆದು, ದೀಪಕ್ಕೆ ಹಿಡಿದ.

ಹೊಸ ಆಯಿಲ್ ಜೇನಿನ ಬಣ್ಣಕ್ಕಿರುತ್ತದೆ. ಕಡ್ಡಿಗೆ ಅಂಟಿದ್ದು ಹಾಲು ಹಾಕಿದ ಕಾಫಿಯಂತಿತ್ತು.

"ನೀರು ಸೇರಿದೆ," ಎಂದ.

ಈ ಗಾಡಿಗೆ ಗೇರಿಲ್ಲ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಆಯಿಲನ್ನು ಒತ್ತುತ್ತದೆ, ಆ ಒತ್ತಡವೇ ಚಕ್ರ ತಿರುಗಿಸುತ್ತದೆ. ಹೈಡ್ರೋಸ್ಟ್ಯಾಟಿಕ್ ಡ್ರೈವ್ ಎಂದು ಕರೆಯುವುದು ಇದನ್ನೇ. ಪಂಪಿಗೆ ಆಯಿಲ್ ಸಿಗದಿದ್ದರೆ ಎಂಜಿನ್ ಎಷ್ಟು ಅರಚಿದರೂ ಗಾಡಿ ಕದಲುವುದಿಲ್ಲ. ಅಷ್ಟು ವೆರ್ನಾಳಿಗೂ ಗೊತ್ತಿತ್ತು.

"ನೀರು ಗಡ್ಡೆ ಕಟ್ಟಿದ್ರೆ?"

"ಫಿಲ್ಟರ್ ಬಾಯಿ ಮುಚ್ಚುತ್ತೆ," ಎಂದ ಲೆಸ್ಟರ್. ಆಮೇಲೆ ತಾನು ನಿಂತಿದ್ದ ನೆಲ ನೋಡಿಕೊಂಡ. ಆ ನೆಲದ ಅಡಿಯಲ್ಲಿ ಬಿಸಿನೀರಿನ ಕೊಳವೆಗಳಿದ್ದವು. ಲಾರಿಗಳು ಬೆಳಿಗ್ಗೆ ಸಲೀಸಾಗಿ ಚಾಲೂ ಆಗಲಿ ಎಂದು ಕೌಂಟಿಯವರು ಹಾಕಿಸಿದ್ದು. ಟ್ರ್ಯಾಕ್ಟರ್ ಮಂಗಳವಾರದಿಂದ ಅದರ ಮೇಲೆ ಬೆಚ್ಚಗೆ ನಿಂತಿತ್ತು.

ಪುರಾವೆಯನ್ನು ನಾವೇ ಬಿಸಿ ಮಾಡಿ ಕರಗಿಸಿದ್ದೇವೆ ಎಂದು ವೆರ್ನಾ ಕ್ರೋಲ್‌ಗೆ ಹೇಳಿದಳು. ಇವತ್ತು ಶುಕ್ರವಾರ; ರೇಡಿಯೋದಲ್ಲಿ ಕಡುಚಳಿ ಎಂದಿದ್ದಾರೆ; ಗಾಡಿಯನ್ನು ಹೊರಗೆ ನಿಲ್ಲಿಸೋಣ, ನಾಳೆ ನೋಡೋಣ, ಆಮೇಲೆ ನಿಮ್ಮ ಇಷ್ಟ.

ಕ್ರೋಲ್ ಅವಳನ್ನೇ ನೋಡಿದ. "ಅವನು ನಿಮ್ಮಮ್ಮನ ಜೀವ ಉಳಿಸಿದವನು. ಅದನ್ನ ಮರೀಬೇಡಿ."

"ಮರೆತಿಲ್ಲ. ಅದಕ್ಕೇ ನಿಮ್ಮನ್ನೂ ಬರೋಕೆ ಹೇಳ್ತಿರೋದು."

*

ಶನಿವಾರ ವೆರ್ನಾ ಅಡುಗೆಮನೆಗೆ ಬಂದಾಗ ಅಮ್ಮ ಆಗಲೇ ಕಿಟಕಿಯ ಬಳಿ ಕೂತು ಚರ್ಮದ ಗ್ಲೌಸು ಹೊಲಿಯುತ್ತಿದ್ದಳು. ಮೇಜಿನ ಮೇಲೆ ಇನ್ನಷ್ಟು ರಾಶಿ ಬಿದ್ದಿದ್ದವು. ಅರ್ಧ ಊರಿನವರು ಹರಿದ ಗ್ಲೌಸನ್ನು ಅವಳಿಗೇ ತಂದುಕೊಡುತ್ತಿದ್ದರು. ದಬ್ಬಳವೂ ಮೇಣದ ದಾರವೂ ಅಪ್ಪನ ಕಾಲದವು. ವೆಂಡೆಲ್ ಇಲ್ಲದೆ ಈ ವಾರ ರಸ್ತೆ ಹಾಳಾಗಿದೆ, ಅವನನ್ನು ಯಾವಾಗ ಬಿಡುತ್ತೀರಿ ಎಂದು ಅಮ್ಮ ಕೇಳಿದಳು. ವೆರ್ನಾ ಏಲಕ್ಕಿ ಬ್ರೆಡ್ಡಿನ ಒಂದು ತುಂಡನ್ನು ಬಾಯಿಗಿಟ್ಟುಕೊಂಡು, ಗೊತ್ತಿಲ್ಲ ಎಂದು ತಲೆಯಾಡಿಸಿ ಹೊರಟಳು.

ಅಂಗಳದಲ್ಲಿ ಉಷ್ಣಮಾಪಕ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಮಂಗಳವಾರವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕ್ರೋಲ್ ಪಟ್ಟಣದ ಬೂಟು ಹಾಕಿಕೊಂಡು ಬಂದು, ಕಾಲು ಬದಲಿಸುತ್ತ ನಿಂತಿದ್ದ.

ಎಂಜಿನ್ ಎರಡನೆಯ ಯತ್ನಕ್ಕೆ ಚಾಲೂ ಆಯಿತು. ಲೆಸ್ಟರ್ ಪೆಡಲ್ ಒತ್ತಿದ. ಗಾಡಿಯ ಹೊಟ್ಟೆಯಿಂದ ಸಣ್ಣ ಕೀರಲು ಸದ್ದು ಬಂತು. ಚಕ್ರ ಅಲುಗಲಿಲ್ಲ. ಇನ್ನಷ್ಟು ಒತ್ತಿದ, ಕೀರಲು ಹೆಚ್ಚಾಯಿತು, ಅಷ್ಟೇ.

ಬೆಲ್ಟ್ ನೋಡಿದ. ಹರಿದಿರಲಿಲ್ಲ, ಜಾರುತ್ತಿರಲಿಲ್ಲ. ಪಂಪಿನ ಮೇಲಿನ ಫ್ಯಾನ್ ತಿರುಗುತ್ತಿತ್ತು, ಅಂದರೆ ಪಂಪೂ ತಿರುಗುತ್ತಿತ್ತು. ಪೆಡಲಿನ ಸರಳು ಕಳಚಿರಲಿಲ್ಲ. ಆಯಿಲ್ ಕಡಿಮೆ ಇರಲಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಓಡಬಹುದಲ್ಲ ಎಂದು ಕ್ರೋಲ್ ಕೇಳಿದ. ನ್ಯಾಯವಾದ ಪ್ರಶ್ನೆ. ಕ್ರೋಲ್‌ನ ಮೂಗು ಕೆಂಪಾಗಿ, ಆಮೇಲೆ ಬೆಳ್ಳಗಾಗುವವರೆಗೆ ಎಂಜಿನ್ ಓಡಿಸಿಟ್ಟರು. ಮತ್ತೆ ಪೆಡಲ್ ಒತ್ತಿದರು. ಅದೇ ಕೀರಲು. ಇನ್ನು ಓಡಿಸಿದರೆ ಪಂಪು ಸುಟ್ಟುಹೋಗುತ್ತದೆ ಎಂದು ಲೆಸ್ಟರ್ ನಿಲ್ಲಿಸಿ, ಅಡಿಗೆ ನುಸುಳಿ ಫಿಲ್ಟರ್ ಬಿಚ್ಚಿ ತಂದ. ಅದರ ಜಾಲರಿಯ ತುಂಬ ಮೊಸರುಗಡ್ಡೆಯಂಥ ಮಂಜು ಕಚ್ಚಿಕೊಂಡಿತ್ತು. ತಗಡಿನ ಅಂಚಿನಲ್ಲಿ ತುಕ್ಕು.

"ಈ ತುಕ್ಕು ನಿನ್ನೆ ಮೊನ್ನೆಯದಲ್ಲ," ಎಂದ ಲೆಸ್ಟರ್. ನಿನ್ನೆ ಬೆಣ್ಣೆ ಎಂದವನು ಇವತ್ತು ವೆರ್ನಾಳ ಮುಖ ನೋಡಲಿಲ್ಲ. "ನೀರು ಸೇರಿ ಒಂದು ತಿಂಗಳಾದ್ರೂ ಆಗಿದೆ."

ಕ್ರೋಲ್ ಫಿಲ್ಟರನ್ನು ತಾನೇ ಕೈಗೆ ತೆಗೆದುಕೊಂಡು ನೋಡಿದ. ಅವನು ಒರಟನಾದರೂ ದಡ್ಡನಲ್ಲ. ಆ ಬೆಳಿಗ್ಗೆ, ಆರ್ವೊ ಗಾಡಿ ನಿಲ್ಲಿಸುತ್ತಿದ್ದ ಶೆಡ್ಡಿನಲ್ಲಿ ಬೆಂಕಿಯಿರಲಿಲ್ಲ, ಹೀಟರಿರಲಿಲ್ಲ. ಅಲ್ಲಿಂದ ರಸ್ತೆಗೆ ಒಂದು ಫುಟ್‌ಬಾಲ್ ಮೈದಾನದಷ್ಟು ದೂರ. ಈ ಗಾಡಿ ತಾನಾಗಿ ಅಷ್ಟು ದೂರ ಬಂದಿರಲು ಸಾಧ್ಯವೇ ಇಲ್ಲ.

"ತಳ್ಳಿಕೊಂಡು ಬಂದಿರಬಹುದು," ಎಂದ.

"ಆರ್ವೊ ಸೊಂಟದ ಆಪರೇಷನ್ ಆದ ಮೇಲೆ ಕೋಲು ಹಿಡಿದು ನಡೀತಿದ್ದ," ಎಂದಳು ವೆರ್ನಾ. "ದಾರಿ ಇಳಿಜಾರು, ನಿಜ. ಗಟ್ಟಿ ಆಳು ಒಬ್ಬ ತಳ್ಳಬಹುದು. ಆರ್ವೊ ಅಲ್ಲ."

ತಳ್ಳುವುದಕ್ಕೂ ಒಂದು ಕ್ರಮವಿದೆ. ಒಳಗಿನ ಆಯಿಲ್ ಚಕ್ರಗಳನ್ನು ಬಿಗಿಹಿಡಿದಿರುತ್ತದೆ. ಅದನ್ನು ಬಿಡಿಸಲು ಗಾಡಿಯ ಹಿಂಬದಿಯಲ್ಲಿ ಒಂದು ಸಣ್ಣ ಲಿವರ್ ಇರುತ್ತದೆ. ಎಳೆದರೆ ಚಕ್ರ ಸಡಿಲ, ಒತ್ತಿದರೆ ಬಿಗಿ. ಲೆಸ್ಟರ್ ಹಿಂದಕ್ಕೆ ಹೋಗಿ ಬಗ್ಗಿದ. ಲಿವರ್ ಇರಬೇಕಾದಲ್ಲಿ ಬರೀ ತೂತು. ಸರಳನ್ನು ಯಾರೋ ಗರಗಸದಿಂದ ಕತ್ತರಿಸಿದ್ದರು.

ಟೋ ಲಾರಿಯವನಿಗೆ ಚಕ್ರ ಬಿಡಿಸಲು ಆಗದಿದ್ದುದು ಇದಕ್ಕೇ.

ಹುಡುಕಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಸೀಟನ್ನು ಮೇಲೆತ್ತಿ, ಎಡಗಡೆ ಬ್ಯಾಟರಿಯ ಹಿಂದೆ ಕೈ ಇಳಿಸಿದಾಗ ಲೆಸ್ಟರ್‌ನ ಬೆರಳಿಗೆ ಒಂದು ಬಾಗಿದ ಕಬ್ಬಿಣದ ಸರಳು ಸಿಕ್ಕಿತು. ಎಳೆದರೆ ಬರಲಿಲ್ಲ. ಎಳೆದು, ಬಲಕ್ಕೆ ಅರ್ಧ ತಿರುಗಿಸಿದಾಗ ಒಳಗೆಲ್ಲೋ ಟಕ್ ಎಂದಿತು. ಗಾಡಿ ಕದಲಿತು.

"ಇದನ್ನ ಮಾಡಿದವನು ಯಾರಿಗೂ ಸಿಗಬಾರದು ಅಂತಲೇ ಮಾಡಿದಾನೆ."

ಲೆಸ್ಟರ್ ಕೈ ಹೊರತೆಗೆದಾಗ ಬೆರಳ ಸಂದಿಯಲ್ಲಿ ಏನೋ ಅಂಟಿಕೊಂಡು ಬಂತು. ಉಗುರಿನಷ್ಟು ದೊಡ್ಡ ಹಳದಿ ಚರ್ಮ, ಒಂದು ಅಂಚಿನಲ್ಲಿ ಹೊಲಿಗೆ. ಜಿಂಕೆ ಚರ್ಮದ ಗ್ಲೌಸಿನ ಹೆಬ್ಬೆರಳಿನ ತುದಿ. ಒದ್ದೆಯಾದ ಚರ್ಮ ಈ ಚಳಿಯಲ್ಲಿ ಕಬ್ಬಿಣಕ್ಕೆ ಕಚ್ಚಿದರೆ ಬಿಡುವುದಿಲ್ಲ; ಅವಸರದಲ್ಲಿ ಎಳೆದರೆ ಹರಿಯುತ್ತದೆ. ಆರ್ವೊನ ಕೈಯಲ್ಲಿದ್ದದ್ದು ಉಣ್ಣೆಯ ಗ್ಲೌಸು. ವೆರ್ನಾ ತಾನೇ ಅದನ್ನು ಶವದಿಂದ ಬಿಚ್ಚಿಸಿದ್ದಳು.

ಅವಳು ಆ ಚೂರನ್ನು ಲಕೋಟೆಗೆ ಹಾಕಿದಳು. ಲಿವರಿನ ಜಾಗ ಮೂವರ ಬಾಯಿಂದಲೂ ಹೊರಗೆ ಬರಬಾರದು ಎಂದಳು. ಲೆಸ್ಟರ್ ಲಿವರನ್ನು ಮೊದಲಿನಂತೆ ಒಳಕ್ಕೆ ಒತ್ತಿದ. ಗಾಡಿ ಮತ್ತೆ ಕಲ್ಲಿನಂತೆ ನಿಂತಿತು.

"ಅವನನ್ನ ಬಿಡ್ತೀರಾ?" ಎಂದು ವೆರ್ನಾ ಕೇಳಿದಳು.

ಕ್ರೋಲ್ ಮಾತಾಡುವ ಮೊದಲು ಮೂಗು ಒರೆಸಿಕೊಂಡ. ನ್ಯಾಯಾಧೀಶರಿಗೆ ಫೋನ್ ಮಾಡುತ್ತೇನೆ ಎಂದ.

*

ಆರ್ವೊನ ಅಣ್ಣನ ಮಗ ರೂಬೆನ್ ಕೆಸ್ಕಿಯನ್ನು ಮಧ್ಯಾಹ್ನ ಕರೆಸಿದರು. ಮರ ಕಡಿಯುವ ಕೆಲಸ ಬಿಟ್ಟು ಎರಡು ವರ್ಷದಿಂದ ಚಿಕ್ಕಪ್ಪನ ಮನೆಯ ಮಹಡಿಯಲ್ಲಿದ್ದ. ನಲವತ್ತು ದಾಟಿದ, ಬಾಗಿಲಿನಷ್ಟು ಅಗಲದ ಆಳು. ಆರ್ವೊನ ಮನೆ ಇನ್ನು ಮುಂದೆ ಅವನದೇ.

ವೆರ್ನಾ ಅವನನ್ನು ಒಳಗೆ ಕೂರಿಸಲಿಲ್ಲ. ಟ್ರ್ಯಾಕ್ಟರಿನ ಹತ್ತಿರವೇ ನಿಲ್ಲಿಸಿಕೊಂಡಳು.

ಆ ಬೆಳಿಗ್ಗೆ ನಿದ್ದೆಯಲ್ಲಿದ್ದೆ ಎಂದಿದ್ದೆ, ಟ್ರ್ಯಾಕ್ಟರಿನ ಸದ್ದು ಕೇಳಿಸಿತು ಎಂದೂ ಹೇಳಿದ್ದೆ, ಎರಡರಲ್ಲಿ ಯಾವುದು ನಿಜ ಎಂದು ಕೇಳಿದಳು.

"ಎರಡೂ. ಸದ್ದಿಗೆ ಎಚ್ಚರ ಆಯ್ತು, ಮತ್ತೆ ಮಲಗಿದೆ."

"ಸದ್ದು ದೂರ ಹೋಯ್ತಾ?"

ರೂಬೆನ್ ಯೋಚಿಸಿದ. "ಇಲ್ಲ. ಅಲ್ಲೇ ಇತ್ತು. ಆಮೇಲೆ ನಿಂತ್ಹೋಯ್ತು."

"ಕೆಳಗಿಳಿದು ನೋಡಲಿಲ್ಲ."

"ನೋಡಲಿಲ್ಲ." ಅವನ ದವಡೆ ಬಿಗಿಯಾಯಿತು. "ಹಿಂದಿನ ದಿನಾನೇ ಕರೆದಿದ್ದ. ಗಾಡಿ ಮುಂದೆ ಹೋಗ್ತಿಲ್ಲ, ಬಾ, ಅಡಿಗೆ ಒಂದು ದೀಪ ಇಟ್ಟು ಬಿಸಿ ಮಾಡೋಣ ಅಂತ. ನನ್ನ ಬೆನ್ನು ಮುರಿದಿದೆ, ನಿನ್ನ ಗಾಡಿ ಹಾಳಾಗಿ ಹೋಗಲಿ ಅಂದೆ. ಅದೇ ಕೊನೆ ಮಾತು. ಸಾಕಾ ನಿಮಗೆ?"

"ಸಾಲಲ್ಲ. ಆಯಿಲ್‌ಗೆ ನೀರು ಯಾರು ಹಾಕಿದ್ದು?"

ರೂಬೆನ್ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ಆಮೇಲೆ ಅವನಿಗೆ ಅರ್ಥವಾಯಿತು. ಮುಖದ ಮೇಲೆ ನಗೆಯಂಥದು ಬಂದು ಅರ್ಧಕ್ಕೇ ಸತ್ತಿತು.

"ಯಾರೂ ಹಾಕಿಲ್ಲ. ಅವನೇ. ಚಳಿಗೆ ಆಯಿಲ್ ಗಟ್ಟಿಯಾಗುತ್ತೆ, ಸುರಿಯೋಕೆ ಬರಲ್ಲ ಅಂತ ಡಬ್ಬಿ ತಂದು ಸೌನಾದಲ್ಲಿ ಇಡ್ತಿದ್ದ. ಮುಚ್ಚಳ ಕಳೆದು ಎಷ್ಟೋ ಕಾಲ ಆಗಿತ್ತು. ವಾರಕ್ಕೆರಡು ಸಲ ಇಬ್ಬರೂ ಅಲ್ಲಿ ಕೂತು ಕಾದ ಕಲ್ಲಿನ ಮೇಲೆ ನೀರು ಹೊಯ್ದು ಬೆವರ್ತಿದ್ವಿ. ಆ ಹಬೆ ಎಲ್ಲ ಎಲ್ಲಿಗೆ ಹೋಗುತ್ತೆ? ನಾನು ಹೇಳ್ದೆ. ನಲವತ್ತು ವರ್ಷದಿಂದ ಹಾಗೇ ಇಡ್ತಿದ್ದೀನಿ, ನೀನು ಬಾಯ್ಮುಚ್ಚು ಅಂದ."

ಲೆಸ್ಟರ್ ಗ್ಯಾರೇಜಿನ ಬಾಗಿಲಲ್ಲಿ ನಿಂತು ತಲೆಯಾಡಿಸಿದ. ತನ್ನ ಮನೆಯ ಸೌನಾದಲ್ಲೂ ಒಂದು ಡಬ್ಬಿ ಇದೆಯೆಂಬುದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.

"ಗಾಡಿಯನ್ನ ಆ ಗೋಡೆ ಕಡೆಗೆ ಸ್ವಲ್ಪ ತಳ್ಳು," ಎಂದಳು ವೆರ್ನಾ.

"ಬೆನ್ನು ನೋವು ಅಂದೆನಲ್ಲ."

"ನಾನೂ ಕೈ ಹಾಕ್ತೀನಿ. ಚಕ್ರ ಬಿಡಿಸು, ಸಾಕು."

ಅವಳು ಅವನ ಕೈಗಳನ್ನೇ ನೋಡುತ್ತಿದ್ದಳು. ರೂಬೆನ್ ಗೊಣಗುತ್ತ ಹಿಂದಕ್ಕೆ ಹೋದ. ಬಗ್ಗಿ, ಇಂಥ ಗಾಡಿ ಕಂಡ ಯಾರಾದರೂ ತಡಕುವ ಜಾಗದಲ್ಲೇ ತಡಕಿದ. ತೂತು ಸಿಕ್ಕಿತು. ಬೆರಳು ಹಾಕಿ ನೋಡಿದ, ಎದ್ದ, ಮತ್ತೆ ಬಗ್ಗಿ ಇನ್ನೊಂದು ಪಕ್ಕ ನೋಡಿದ. ಸೀಟಿನ ಕಡೆ ಅವನ ಕಣ್ಣೂ ಹೋಗಲಿಲ್ಲ.

"ಕತ್ತರಿಸಿಯೇ ಬಿಟ್ಟಿದ್ದಾನೆ," ಎಂದ. "ಕತ್ತರಿಸ್ತೀನಿ ಅಂದಿದ್ದ. ಅಕ್ಟೋಬರಿನಲ್ಲಿ ಯಾರೋ ಕಿಡಿಗೇಡಿಗಳು ಗಾಡಿ ತಳ್ಳಿಕೊಂಡು ಹೋಗಿ ಸರೋವರಕ್ಕೆ ಬಿಡೋಕೆ ನೋಡಿದ್ರಲ್ಲ, ಆಮೇಲೆ. ಇನ್ಮೇಲೆ ನಾನು ತೋರಿಸದೆ ಯಾರಪ್ಪನಿಗೂ ಇದನ್ನ ತಳ್ಳೋಕಾಗಲ್ಲ ಅಂತಿದ್ದ."

"ನಿನಗೆ ತೋರಿಸಲಿಲ್ವಾ?"

"ನನಗಾ?" ಅವನು ಗ್ಲೌಸು ತೆಗೆದು ಮೂಗು ಒರೆಸಿಕೊಂಡ. ಕಪ್ಪು ರಬ್ಬರಿನ ಗ್ಲೌಸು. ಹತ್ತು ಬೆರಳೂ ನೆಟ್ಟಗಿದ್ದವು. "ನಾನು ಕೇಳಿದ್ರೆ ತಾನೇ? ಕೆಳಗಿಳಿದು ಬಂದಿದ್ರೆ ತೋರಿಸ್ತಿದ್ನೇನೋ."

ಅವನು ಅಳುತ್ತಿದ್ದನೋ ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತೋ ವೆರ್ನಾ ವಿಚಾರಿಸಲಿಲ್ಲ. ಮನೆಗೆ ಹೋಗು, ಊರು ಬಿಟ್ಟು ಹೋಗಬೇಡ ಎಂದಳು.

ಅಲ್ಲಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಆರ್ವೊ ತಾನಾಗಿ ತೋರಿಸಿದ ಒಬ್ಬನೇ ಒಬ್ಬನಿಗೆ ಆ ಲಿವರಿನ ಜಾಗ ಗೊತ್ತಿತ್ತು. ಅದೂ ಈ ಚಳಿಗಾಲದಲ್ಲಿ ತೋರಿಸಿದ್ದು. ತಳ್ಳಿ ಮುಗಿದ ಮೇಲೆ ಆ ಮನುಷ್ಯ ಲಿವರನ್ನು ಮತ್ತೆ ಒಳಕ್ಕೆ ಒತ್ತಿಟ್ಟು ಹೋಗಿದ್ದ. ಇಲ್ಲಿಯವರಿಗೆ ಅದು ಬಾಗಿಲು ಮುಚ್ಚಿದಷ್ಟೇ ಅಭ್ಯಾಸ. ಎಳೆದೇ ಬಿಟ್ಟಿದ್ದರೆ ಮುದುಕನೇ ಇಳಿಜಾರಿನಲ್ಲಿ ಗಾಡಿ ಉರುಳಬಿಟ್ಟಿದ್ದ ಎಂದು ಕೇಸು ಮುಚ್ಚಿಹೋಗುತ್ತಿತ್ತು.

*

ಮೂರು ಗಂಟೆಗೆ ನ್ಯಾಯಾಧೀಶರ ಒಪ್ಪಿಗೆ ಬಂತು. ಆ ಹೊತ್ತಿಗೆ ಸರೋವರದ ಕಡೆಯಿಂದ ಬೂದು ಬಣ್ಣದ ಮೋಡ ಕವಿದು ಹಿಮ ಶುರುವಾಗಿತ್ತು. ವೆರ್ನಾ ಕಚೇರಿಯ ಮಹಡಿಯ ಕಿಟಕಿಯಲ್ಲಿ ನಿಂತು, ತಣ್ಣಗಾದ ಪಾಸ್ಟಿ ಎಂಬ ಮಾಂಸದ ಕಡುಬು ತಿನ್ನುತ್ತಿದ್ದಳು. ನಾಲ್ಕು ದಿನದಲ್ಲಿ ಮೊದಲ ಸಲ ಹಸಿವಾಗಿತ್ತು.

ಕೆಳಗೆ ಅಂಗಳದಲ್ಲಿ ರಸ್ತೆ ಗ್ಯಾರೇಜಿನ ಮೇಲ್ವಿಚಾರಕ ಡ್ವೇನ್ ಬೈಯುತ್ತಿದ್ದ. ಟ್ರ್ಯಾಕ್ಟರ್ ನಿಂತಿದ್ದದ್ದು ಸರಿಯಾಗಿ ದೊಡ್ಡ ಬಾಗಿಲಿನ ಎದುರಿಗೆ. ಒಳಗೆ ಲಾರಿ ಗುರುಗುಡುತ್ತಿತ್ತು. ಲೆಸ್ಟರ್ ಮನೆಗೆ ಹೋಗಿದ್ದ. ಮುಟ್ಟಬೇಡಿ ಎಂದು ಕಟ್ಟಿದ್ದ ಹಳದಿ ಪಟ್ಟಿಯನ್ನು ಡ್ವೇನ್ ಕಿತ್ತು ಎಸೆದಿದ್ದ. ಹಿಮ ಬೀಳತೊಡಗಿದ ಮೇಲೆ ಅವನಿಗೆ ರಸ್ತೆಗಿಂತ ದೊಡ್ಡದು ಯಾವುದೂ ಇಲ್ಲ. ಹೆಗಲು ಕೊಟ್ಟು ತಳ್ಳಿದ. ಗಾಡಿ ಕದಲಲಿಲ್ಲ. ಹಿಂಬದಿಯ ತೂತಿಗೆ ಕೈ ಹಾಕಿ ಮತ್ತೆ ಬೈದ.

ಲಾಕಪ್ಪಿನ ಹಿಂಬಾಗಿಲು ತೆರೆಯಿತು. ವೆಂಡೆಲ್ ಪ್ಯಾಸ್ಕೋ ಹೊರಗೆ ಬಂದು, ಮುಖವನ್ನು ಮೇಲೆತ್ತಿ ಹಿಮ ಬೀಳುವುದನ್ನು ನೋಡಿದ. ಬಿಡುಗಡೆಯಾದವನು ಮಾಡುವ ಮೊದಲ ಕೆಲಸ ಅದು. ಗಡ್ಡ ಬೆಳೆದಿತ್ತು, ಇಳಿದುಹೋಗಿದ್ದ. ವೆರ್ನಾ ಕಿಟಕಿಯ ಗಾಜು ತಟ್ಟಬೇಕೆಂದು ಕೈ ಎತ್ತಿದಳು.

ವೆಂಡೆಲ್ ಡ್ವೇನ್‌ನ ಪಾಡು ನೋಡಿದ. ಈ ಸೀಮೆಯಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ಗಾಡಿಯ ಪಕ್ಕದಲ್ಲಿ ಕೈಕಟ್ಟಿ ಹಾದುಹೋಗುವ ಗಂಡಸಿಲ್ಲ. ಜಗಳವಾಡಿದವನ ಗಾಡಿಯಾದರೂ ನಿಂತು ಹೆಗಲು ಕೊಡುತ್ತಾರೆ, ಆಮೇಲೆ ಜಗಳ ಮುಂದುವರಿಸುತ್ತಾರೆ. ಅವನೂ ಹಾದುಹೋಗಲಿಲ್ಲ. ಡ್ವೇನ್‌ಗೆ ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿದ. ಎಡಗೈಯಿಂದ ಸೀಟು ಎತ್ತಿ, ಬಲಗೈಯನ್ನು ಬ್ಯಾಟರಿಯ ಹಿಂದಕ್ಕೆ ಇಳಿಸಿದ. ಕೈ ನೋಡಿಕೊಳ್ಳಲೂ ಇಲ್ಲ; ಮುಖ ತಿರುಗಿಸಿ ಡ್ವೇನ್‌ಗೆ ಏನೋ ಹೇಳುತ್ತಿದ್ದ, ಡ್ವೇನ್ ನಗುತ್ತಿದ್ದ. ಅವನ ಮೊಣಕೈ ಹಿಂದಕ್ಕೆ ಬಂತು, ಬಲಕ್ಕೆ ಅರ್ಧ ಸುತ್ತು ತಿರುಗಿತು.

ಟ್ರ್ಯಾಕ್ಟರ್ ಉರುಳಿತು.

ಇಬ್ಬರೂ ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ವೆಂಡೆಲ್ ಮತ್ತೆ ಸೀಟು ಎತ್ತಿ, ಲಿವರನ್ನು ಒಳಕ್ಕೆ ಒತ್ತಿ, ಸೀಟು ಮುಚ್ಚಿದ. ಅಭ್ಯಾಸ.

ವೆರ್ನಾಳ ಕೈ ಗಾಜಿನ ಹತ್ತಿರವೇ ನಿಂತುಬಿಟ್ಟಿತ್ತು. ಬೇರೆ ಅರ್ಥ ಹುಡುಕಿದಳು. ಲೆಸ್ಟರ್ ಬಾಯಿಬಿಟ್ಟಿರಬಹುದೇ? ಲೆಸ್ಟರ್ ಲಾಕಪ್ಪಿನ ಕಡೆ ಹೋಗಿಯೇ ಇಲ್ಲ. ಕ್ರೋಲ್? ಅವನಿಗೆ ಬ್ಯಾಟರಿ ಎಲ್ಲಿದೆ ಎಂದೂ ನೆನಪಿರಲಾರದು. ಆ ಮುದುಕನ ಅಂಗಳಕ್ಕೆ ಜನ್ಮದಲ್ಲಿ ಕಾಲಿಟ್ಟಿಲ್ಲ ಎಂದಿದ್ದವನು ವೆಂಡೆಲ್.

ಅವಳು ಮೆಟ್ಟಿಲಿಳಿದು ಅಂಗಳಕ್ಕೆ ಬರುವಷ್ಟರಲ್ಲಿ ಲಾರಿ ಬಾಗಿಲಿನಿಂದ ಹೊರಬಿದ್ದಿತ್ತು. ಸ್ಟಿಯರಿಂಗ್ ಹಿಡಿದಿದ್ದವನು ವೆಂಡೆಲ್. ಆಳು ಸಾಲದು, ಇವನೇ ಬರ್ತೀನಿ ಅಂದ ಎಂದು ಡ್ವೇನ್ ಸಂತೋಷದಿಂದ ಹೇಳಿದ.

ಲಾರಿ ಅವಳ ಪಕ್ಕ ನಿಧಾನವಾಯಿತು. ವೆಂಡೆಲ್ ಗಾಜು ಇಳಿಸಿದ. ಅವನ ಕಣ್ಣು ಒದ್ದೆಯಾಗಿತ್ತು.

"ನಿಮ್ಮ ಋಣ ಹೇಗೆ ತೀರಿಸ್ಲಿ ವೆರ್ನಾ? ಮೊದಲು ನಿಮ್ಮಮ್ಮನ ರಸ್ತೆ ಬಿಡಿಸ್ತೀನಿ. ಆಮೇಲೆ ಉಳಿದದ್ದು."

ಅವಳು ಸ್ಟಿಯರಿಂಗಿನ ಮೇಲಿದ್ದ ಗ್ಲೌಸುಗಳನ್ನು ನೋಡುತ್ತಿದ್ದಳು. ಕಂದು ಬಣ್ಣದ ಹಳೆಯ ಜೋಡಿ, ಬಲ ಅಂಗೈಯಲ್ಲಿ ಕೆಂಪು ದಾರದ ಸೊಟ್ಟ ಹೊಲಿಗೆ. ಆ ಸೊಟ್ಟ ಹೊಲಿಗೆ ಅವಳದೇ. ಹತ್ತು ವರ್ಷದವಳಿದ್ದಾಗ ಅಪ್ಪನಿಗಾಗಿ ಹಾಕಿದ್ದು.

ಲಾರಿ ಗೇಟು ದಾಟಿ ಹಿಮದಲ್ಲಿ ಮರೆಯಾಯಿತು.

ವೆರ್ನಾ ಕಾರು ಹತ್ತಿ ಹಿಂದೆ ಬಿದ್ದಳು. ಮುಂದೆ ಬಿಳಿ ಗೋಡೆ. ಲಾರಿಯ ಹಿಂದೀಪ ಕಾಣಲಿಲ್ಲ. ವೈರ್‌ಲೆಸ್ಸಿನಲ್ಲಿ ಕರೆದಾಗ ಹತ್ತಿರದ ಪೊಲೀಸ್ ಕಾರು ಕೌಂಟಿಯ ಆ ತುದಿಯಲ್ಲಿ, ಹಳ್ಳಕ್ಕೆ ಜಾರಿದ ಬಸ್ಸಿನ ಬಳಿ ಇದೆ ಎಂದರು. ಅಮ್ಮನ ಫೋನ್ ಎಂಗೇಜ್ ಬರುತ್ತಿತ್ತು. ಮತ್ತೆ ಮಾಡಿದಳು, ಎಂಗೇಜ್. ಊರಾಚೆಯ ಸೇತುವೆ ದಾಟಿದ ಮೇಲೆ ಸಿಕ್ಕಿತು.

"ಎಷ್ಟು ಹೊತ್ತಮ್ಮ ಫೋನಲ್ಲಿ? ಅಪ್ಪನ ಗ್ಲೌಸ್ ವೆಂಡೆಲ್ ಹತ್ರ ಹೇಗೆ ಬಂತು?"

"ನಾನೇ ಕೊಟ್ಟೆ ಕಣೇ. ಮಂಗಳವಾರ ಬೆಳಿಗ್ಗೆ ಕಾಫಿಗೆ ನಿಲ್ಲಿಸ್ದೆ. ನಡುಗ್ತಿದ್ದ, ಪಾಪ. ಗ್ಲೌಸ್ ಹರಿದಿತ್ತು, ಬೆರಳು ಹೊರಗೆ. ಬೇಡ ಬೇಡ ಅಂದ್ರೂ ಕಿತ್ತಿಟ್ಕೊಂಡೆ, ಹೊಲಿದು ಕೊಡ್ತೀನಿ ಅಂತ. ಅಪ್ಪನದು ಹಾಕಿ ಕಳಿಸ್ದೆ."

"ಯಾವ ಬೆರಳು?"

"ಬಲಗೈ ಹೆಬ್ಬೆರಳು. ತುದೀನೇ ಇಲ್ಲ, ಎಲ್ಲಿ ಹೋಯ್ತೋ. ಬೇರೆ ಚರ್ಮ ಇಟ್ಟು ಹೊಲೀಬೇಕು, ಇವತ್ತು ಕೈಗೆತ್ತಿಕೊಂಡಿದ್ದೀನಿ. ಈಗ ಅವನೇ ಫೋನ್ ಮಾಡಿದ್ದ, ಬಿಟ್ರಂತಲ್ಲ. ಮೊದಲು ಅದನ್ನೇ ಕೇಳ್ದ. ಹೊಲಿಗೆ ಆಗದಿದ್ರೂ ಪರವಾಗಿಲ್ಲ, ಹಾಗೇ ಕೊಡಿ, ಬರ್ತಾ ಇದೀನಿ ಅಂದ."

"ಅಮ್ಮ, ಕೇಳು..."

"ಬಂದೇ ಬಿಟ್ಟ ನೋಡು, ಅಂಗಳದಲ್ಲಿ ದೀಪ ಬಿತ್ತು. ಇರು, ಬಾಗಿಲು ತೆಗೆದು ಬರ್ತೀನಿ."

ಅಮ್ಮ ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ವೆರ್ನಾ ಫೋನಿನಲ್ಲಿ ಕೂಗಿದಳು. ಚಪ್ಪಲಿ ಎಳೆದುಕೊಂಡು ದೂರ ಹೋಗುವ ಹೆಜ್ಜೆಗಳು. ಅಗಳಿ ಸರಿದ ಸದ್ದು. ಬೂಟಿನ ಹಿಮ ಕೊಡವಿಕೊಳ್ಳುತ್ತಿರುವ ಸದ್ದು.

ಆಮೇಲೆ ಯಾರೋ ಮೇಜಿನ ಹತ್ತಿರ ಬಂದು ರಿಸೀವರನ್ನು ಮೆಲ್ಲಗೆ, ಅದರ ಜಾಗಕ್ಕೆ, ಮರಳಿ ಇಟ್ಟರು.